ಮೊದಲು ಯಾರು ಹೇಳಬೇಕು

ಜಾಂಜಿಬಾರಿನಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಆ ಕಾಯ್ದೆ ತಾನಾಗಿ ಯಾರ ಬಾಗಿಲಿಗೂ ಬರಲಿಲ್ಲ. ಬಿಡುಗಡೆ ಬೇಕಾದವರೇ ಕಚೇರಿಗೆ ಹೋಗಿ ಕೇಳಬೇಕಿತ್ತು. ಮುದುಕಿ ಫೈದಾ ಹೋಗಿ ಕೇಳಿದಳು, ಸಿಕ್ಕಿತು. ಅಲ್ಲಿಂದ ತನ್ನ ಚಾಪೆ ಒಯ್ಯಲು ಒಡತಿ ಝುವೇನಾಳ ಮನೆಗೆ ಬಂದಳು.

ಅಲ್ಲಿ ಎದುರಾದಾಗ ಕಿರಿಯರು ಹಿರಿಯರಿಗೆ ‘ಶಿಕಮೂ’, ಅಂದರೆ ನಿಮ್ಮ ಕಾಲು ಹಿಡಿದೆ, ಎನ್ನಬೇಕು. ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸಬೇಕು. ಗುಲಾಮರಿಗೆ ಮಾತ್ರ ವಯಸ್ಸೆಂಬುದಿರಲಿಲ್ಲ. ಒಡೆಯರ ಮನೆಯ ಕೂಸಿಗೂ ಅವರೇ ಮೊದಲು ಹೇಳಬೇಕಿತ್ತು.

ಜಗಲಿಯ ಮೇಲೆ ಕೂತಿದ್ದ ಝುವೇನಾ ಕಾದಳು. ಫೈದಾ ಬಾಯಿ ಬಿಡಲಿಲ್ಲ.

“ಏನೇ, ನಾಲಿಗೇನ ಕಚೇರೀಲೇ ಬಿಟ್ಟು ಬಂದ್ಯಾ?”

“ಇಲ್ಲಮ್ಮ, ಬಾಯಲ್ಲೇ ಇದೆ. ನೀನು ಹೇಳ್ಲಿ ಅಂತ ಕಾಯ್ತಿದೀನಿ. ನಿಂಗೆ ಹಾಲು ಕುಡಿಸಿ ಸಾಕಿದೋಳು ನಾನು. ನಮ್ಮಿಬ್ರಲ್ಲಿ ದೊಡ್ಡೋರು ಯಾರು?”

ಝುವೇನಾ ತುಟಿ ಬಿಗಿದು ಬೀದಿಯ ಕಡೆ ಮುಖ ತಿರುಗಿಸಿದಳು.

ಫೈದಾ ಒಳಗೆ ಹೋಗಿ ಚಾಪೆ ಸುತ್ತಿಕೊಂಡು ಬಂದಳು. ಝುವೇನಾಳ ಮುಖ ಇನ್ನೂ ಬೀದಿಯ ಕಡೆಗೇ ಇತ್ತು. ಜಗಲಿ ಇಳಿಯುವ ಮುನ್ನ ಮುದುಕಿ ಅವಳ ತಲೆ ಸವರಿದಳು.

“ಮರಹಬಾ, ಮಗಳೇ,” ಎಂದು ಹೊರಟುಹೋದಳು.