ಸೊಲ್ಲಾಪುರಕ್ಕೆ ಹತ್ತಿರದ ದಾರಿ

ದಾವಣಗೆರೆ ಸರಸ್ವತಿ ನಗರದ ನಾಗಭೂಷಣ್‌ಗೆ ಯಾರನ್ನಾದರೂ ದಾರಿ ಕೇಳುವುದೆಂದರೆ ಆಗದು. ಕಾರು ಹತ್ತಿದ ಕೂಡಲೇ ಮೊಬೈಲನ್ನು ಮುಂದೆ ಸಿಕ್ಕಿಸುತ್ತಾನೆ. ಎಲ್ಲಕ್ಕಿಂತ ಬೇಗ ಮುಟ್ಟಿಸುತ್ತೇನೆ ಎಂದು ಅದು ಯಾವ ದಾರಿ ತೋರಿಸುತ್ತದೋ ಅದೇ ಅವನ ದಾರಿ. ಎಲ್ಲಿಗಾದರೂ ಸ್ವಲ್ಪ ಮೊದಲೇ ಮುಟ್ಟಿದನೆಂದರೆ ಆ ಸುದ್ದಿಯನ್ನು ವಾರವಿಡೀ ಹೇಳಿಕೊಂಡು ತಿರುಗುತ್ತಾನೆ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಅವನದು ಕಬ್ಬಿಣದ ಬೀರು ಮಾಡುವ ಸಣ್ಣ ಕಾರ್ಖಾನೆ. ಅಲ್ಲಿ ಅವನು ಹೇಳಿದ್ದೇ ಮಾತು. ಆ ರೂಢಿ ಮನೆಗೂ ಬಂದಿತ್ತು, ಕಾರಿಗೂ ಬಂದಿತ್ತು.

ಅವನ ತಾಯಿ ಶಾಂತಕುಮಾರಿಯವರಿಗೆ ಎಪ್ಪತ್ತು ದಾಟಿದೆ. ಬಿಪಿ ಇದೆ. ದಿನಾ ಬೆಳಿಗ್ಗೆ ಅದಕ್ಕೆ ನೀರಿನ ಮಾತ್ರೆ, ಅಂದರೆ ಮೈಯ ನೀರು ಇಳಿಸುವ ಮಾತ್ರೆ, ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ತೆಗೆದುಕೊಂಡವರು ಪದೇ ಪದೇ ಬಚ್ಚಲಿಗೆ ಹೋಗಲೇಬೇಕು. ಮನೆಯಲ್ಲಿದ್ದಾಗ ಅದೊಂದು ತೊಂದರೆ ಅಂತ ಯಾರಿಗೂ ಅನಿಸಿರಲಿಲ್ಲ.

ಕಳೆದ ಬೇಸಿಗೆಯ ಮೊದಲಲ್ಲಿ ಸೊಲ್ಲಾಪುರದಿಂದ ಫೋನ್ ಬಂತು. ಶಾಂತಕುಮಾರಿಯವರ ತಂಗಿ ಗುರುಬಸಮ್ಮ ಅಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಅಕ್ಕ ಬರಲೇಬೇಕು ಎಂದರು. ಅಕ್ಕ ತಂಗಿ ಮುಖ ನೋಡಿ ವರ್ಷಗಳೇ ಆಗಿದ್ದವು. ಹಿಂದೆ ತಂಗಿ ಕೊಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಶಾಂತಕುಮಾರಿ ಇಸ್ತ್ರಿ ಮಾಡಿಸಿ ಇಟ್ಟುಕೊಂಡರು. ಅದನ್ನೇ ಉಟ್ಟು ಬರುತ್ತೇನೆ ಎಂದು ಫೋನಿನಲ್ಲಿ ತಂಗಿಗೆ ಹೇಳಿಯೂ ಬಿಟ್ಟರು.

ಹೊರಟ ದಿನ ಬೆಳಿಗ್ಗೆ ನಾಷ್ಟಾಕ್ಕೆ ಹರಿಹರದಲ್ಲಿ ನಸೀಮಾ ಅವರ ಮನೆಯಲ್ಲಿ ಇಳಿದರು. ನಸೀಮಾ ಅಂದರೆ ನಾಗಭೂಷಣ್ ಹೆಂಡತಿ ಉಮಾಮಹೇಶ್ವರಿಯ ಕಾಲೇಜು ಗೆಳತಿ. ಈಗ ಹರಿಹರದಲ್ಲೇ ಕಾಲೇಜು ಮೇಡಂ. ತಾವೇ ಕಾರು ಓಡಿಸಿಕೊಂಡು ಅತ್ತೆಯನ್ನು ಕಲಬುರಗಿಗೆ, ವಿಜಯಪುರಕ್ಕೆ ಕರೆದುಕೊಂಡು ಹೋಗಿ ಬರುವವರು.

ಉಪ್ಪಿಟ್ಟು ಬಡಿಸುತ್ತಾ ನಸೀಮಾ ಕೇಳಿದರು. "ಯಾವ ದಾರಿ ಹಿಡೀತೀರಿ ಅಣ್ಣಾ?"

"ಹಾವೇರಿ ದಾಟಿ ಬಲಕ್ಕೆ ತಿರುಗಿ ಒಳಗಿಂದೊಳಗೆ ಗದಗದ ಕಡೆ ಹೋಗೋದು. ಹುಬ್ಬಳ್ಳಿ ಸುತ್ತಿ ಹೋಗೋದು ಯಾಕ? ಮುಕ್ಕಾಲು ಗಂಟೆ ಉಳೀತೈತೆ."

"ಆ ಕಡೆಯಿಂದ ಇತ್ತೀಚೆಗೆ ಯಾರಾದ್ರೂ ಬಂದಾರೇನು? ರಸ್ತೆ ಹೆಂಗೈತೆ ಅಂತ ಕೇಳಿದ್ರಾ?"

"ಕೇಳೋದೇನೈತೆ, ಮೊಬೈಲ್‌ನಾಗೇ ತೋರಿಸ್ತೈತಲ್ಲ."

"ನನ್ ಮಾತು ಕೇಳ್ರಿ, ಹುಬ್ಬಳ್ಳಿ ಮ್ಯಾಲೇ ಹೋಗ್ರಿ. ಉದ್ದ ಆಗ್ತೈತೆ, ಆದ್ರೆ ಇಳಿಯೋಕೆ ಹೋಟ್ಲು ಸಿಗ್ತಾವೆ, ಬಂಕು ಸಿಗ್ತಾವೆ. ಜೊತೆಗೆ ಅಮ್ಮಾರು ಅದಾರೆ."

ನಾಗಭೂಷಣ್ ನಕ್ಕ. "ಬಂಕು ಎಲ್ಲಾ ಕಡೆ ಇರ್ತಾವೆ ಬಿಡ್ರಿ. ಮೊಬೈಲ್‌ಗಿಂತ ನಿಮ್ಗೆ ಜಾಸ್ತಿ ಗೊತ್ತೈತೇನು?"

ಉಮಾ ತಲೆ ತಗ್ಗಿಸಿದಳು. ನಸೀಮಾ ಬೇಸರ ತೋರಿಸಲಿಲ್ಲ. ಶಾಂತಕುಮಾರಿಯವರ ಕೈಗೆ ಬಾಳೆಹಣ್ಣು ಕೊಟ್ಟು, ಹುಷಾರಾಗಿ ಹೋಗಿ ಬರ್ರಿ ಅಮ್ಮಾ ಎಂದು ಕಳಿಸಿದರು.

ಹಾವೇರಿ ಹತ್ತಿರ ಬರುವಾಗ ಶಾಂತಕುಮಾರಿ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಉಮಾ ಗಂಡನಿಗೆ ಹೇಳಿದಳು. "ರೀ, ಆ ಬಂಕ್‌ನಾಗೆ ಒಂದೀಟು ನಿಲ್ಲಿಸ್ರಿ. ಅತ್ತೆ ಇಳೀಬೇಕಂತೆ."

"ಈಗ ತಾನೇ ಹರಿಹರದಾಗೆ ಇಳಿದಿದ್ವಲ್ಲ. ಅಲ್ಲೇ ಹೋಗಿ ಬರ್ಬೇಕಿತ್ತು," ಎಂದ ನಾಗಭೂಷಣ್. "ತಡಿ, ಮುಂದೆ ಬರ್ತೈತೆ ಇನ್ನೊಂದು."

ಬಂಕು ಎಡಕ್ಕೆ ಬಂದು ಹಿಂದೆ ಹೋಯಿತು. ಊರು ದಾಟಿದ ಮೇಲೆ ಅವನು ಕಾರನ್ನು ಬಲಕ್ಕೆ ತಿರುಗಿಸಿದ.

ಒಳರಸ್ತೆಯಲ್ಲಿ ಮುಂದೆ ಯಾವ ಬಂಕೂ ಬರಲಿಲ್ಲ. ಎರಡೂ ಕಡೆ ಕೊಯ್ಲಾದ ಎರೆ ಹೊಲ. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ನೆಲ. ಮರೆಗೆ ಒಂದು ಪೊದೆ ಇಲ್ಲ, ಗೋಡೆ ಇಲ್ಲ. ಸಿಕ್ಕ ಸಣ್ಣ ಊರುಗಳಲ್ಲಿ ಚಹಾದಂಗಡಿ ಇತ್ತು, ಕಟ್ಟೆ ಇತ್ತು, ಕಟ್ಟೆಯ ತುಂಬಾ ಗಂಡಸರು ಇದ್ದರು. ಹೆಂಗಸರು ಹೋಗುವ ಜಾಗ ಎಲ್ಲಿದೆ ಎಂದು ಇಳಿದು ಕೇಳಲು ನಾಗಭೂಷಣ್‌ಗೆ ನಾಚಿಕೆ. ಮುಂದಿನ ಊರಲ್ಲಿ ಕೇಳೋಣ ಎಂದುಕೊಳ್ಳುತ್ತಾ ಓಡಿಸಿದ.

ಒಂದು ಕಡೆ ಸೇತುವೆ ಕೆಲಸ ನಡೆದಿತ್ತು. ಪಕ್ಕದ ಮಣ್ಣಿನ ದಾರಿಯಲ್ಲಿ ಲಾರಿಯೊಂದು ಹೂತು ನಿಂತಿತ್ತು. ಮುಂದೆ ಟ್ರ್ಯಾಕ್ಟರುಗಳ ಸಾಲು, ಹಿಂದೆ ಬಂದು ನಿಂತ ಬಸ್ಸು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೊಬೈಲ್ ಮಾತ್ರ ನೇರಕ್ಕೆ ಹೋಗಿ ಎನ್ನುತ್ತಲೇ ಇತ್ತು.

"ಅತ್ತೆ, ಇಳೀರಿ. ನಾನೂ ಸ್ನೇಹಾನೂ ಹೊದಿಕೆ ಅಡ್ಡ ಹಿಡೀತೀವಿ," ಎಂದಳು ಉಮಾ. ಕಾಲೇಜಿಗೆ ಹೋಗುವ ಮಗಳು ಸ್ನೇಹಾ ಆಗಲೇ ಹೊದಿಕೆ ಬಿಚ್ಚಿ ಹಿಡಿದಿದ್ದಳು.

ಶಾಂತಕುಮಾರಿ ಹಿಂದಿನ ಬಸ್ಸನ್ನು ನೋಡಿದರು. ಅದರ ಕಿಟಕಿಗಳ ತುಂಬಾ ಮುಖಗಳಿದ್ದವು. "ಬ್ಯಾಡವ್ವ," ಎಂದರು. "ನಾನು ತಡ್ಕೊಂತೀನಿ."

ಬಿಸಿಲು ಏರಿತು. ಲಾರಿ ಅಂತೂ ಪಕ್ಕಕ್ಕೆ ಸರಿದು ಟ್ರ್ಯಾಕ್ಟರುಗಳು ಒಂದೊಂದಾಗಿ ಕದಲತೊಡಗಿದಾಗ, ನಾಗಭೂಷಣ್ ಕಾರನ್ನು ಗುಂಡಿಯೊಂದಕ್ಕೆ ಇಳಿಸಿ ಹತ್ತಿಸಿದ. ಹಿಂದಿನ ಸೀಟಿನಿಂದ ತಾಯಿಯ ಸಣ್ಣ ದನಿ ಕೇಳಿಸಿತು.

"ನೀರಿನ ಬಾಟ್ಲಿ ಚೆಲ್ತು ಕಣವ್ವ."

ಅವನು ಕನ್ನಡಿಯಲ್ಲಿ ನೋಡಿದ. ನೀರಿನ ಬಾಟ್ಲಿ ಸ್ನೇಹಾಳ ಕೈಯಲ್ಲಿತ್ತು, ಮುಚ್ಚಳ ಹಾಕಿಯೇ ಇತ್ತು. ಉಮಾ ಅತ್ತೆಯ ಕೈ ಹಿಡಿದುಕೊಂಡಿದ್ದಳು. ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಹಸಿರು ಸೀರೆ ಮಡಿಲಿನಿಂದ ಕೆಳಗೆ ಕಪ್ಪಾಗಿತ್ತು.

ನಾಗಭೂಷಣ್‌ನ ಮುಖ ಕಿವಿಯವರೆಗೂ ಬಿಸಿಯಾಯಿತು. ತನ್ನನ್ನು ಹೊತ್ತು, ಎತ್ತಿ, ತೊಳೆದು ಬೆಳೆಸಿದವಳನ್ನು ಮೊಮ್ಮಗಳ ಮುಂದೆ, ಸೊಸೆಯ ಮುಂದೆ ಈ ಸ್ಥಿತಿಗೆ ತಂದು ಕೂರಿಸಿದ್ದ. ಕ್ಷಮಿಸು ಎನ್ನೋಣವೆಂದರೆ, ಹಾಗೆಂದರೆ ತಾನು ನೋಡಿದೆ ಎಂದಾಗುತ್ತದೆ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಓಡಿಸಿದ.

ಗದಗದ ಹತ್ತಿರ ಸಿಕ್ಕ ಮೊದಲ ಬಂಕಿನಲ್ಲಿ ಉಮಾ ಅತ್ತೆಗೆ ಸೀರೆ ಬದಲಾಯಿಸಿದಳು. ಸೊಲ್ಲಾಪುರದ ಮನೆ ಮುಟ್ಟುವಷ್ಟರಲ್ಲಿ ಸಂಜೆಯ ಪೂಜೆ ಮುಗಿದು ನೆಂಟರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗುರುಬಸಮ್ಮ ಅಕ್ಕನನ್ನು ತಬ್ಬಿಕೊಂಡು, "ಯಾಕಕ್ಕ, ನಾ ಕೊಟ್ಟ ಸೀರಿ ಉಟ್ಕೊಂಡು ಬರ್ತೀನಿ ಅಂದಿದ್ದಿ," ಎಂದು ಕೇಳಿದರು.

"ಕಾರ್‌ನಾಗೆ ಚಾ ಚೆಲ್ಕೊಂಡೆ," ಎಂದರು ಶಾಂತಕುಮಾರಿ.

ಸುಳ್ಳು ಹೇಳಿ ಗೊತ್ತಿಲ್ಲದ ತಾಯಿ ಅಂದು ಎರಡು ಸುಳ್ಳು ಹೇಳಿದ್ದರು. ಹತ್ತಿರವೇ ನಿಂತಿದ್ದ ನಾಗಭೂಷಣ್ ಚೀಲ ಇಳಿಸುವ ನೆಪದಲ್ಲಿ ಹೊರಗೆ ಹೋದ. ಊಟಕ್ಕೆ ಕರೆದಾಗಲೂ ಕಾರಿನ ಹತ್ತಿರವೇ ನಿಂತಿದ್ದ.

ಮರಳುವಾಗ ಹುಬ್ಬಳ್ಳಿಯ ಮೇಲೆಯೇ ಬಂದರು. ಆದರೆ ತಾಯಿ ಎಲ್ಲಿಯೂ ಇಳಿಯಲಿಲ್ಲ. ದಾರಿಯುದ್ದಕ್ಕೂ ಒಂದು ಗುಟುಕು ನೀರು ಮುಟ್ಟಲಿಲ್ಲ. ಬೆಳಗಿನ ಮಾತ್ರೆಯನ್ನೂ ಯಾರಿಗೂ ಹೇಳದೆ ಬಿಟ್ಟಿದ್ದರು. ದಾವಣಗೆರೆಗೆ ಬಂದ ಮಾರನೆಯ ದಿನ ಚಳಿಜ್ವರ ಹಿಡಿಯಿತು. ಉರಿಮೂತ್ರ, ತಲೆಸುತ್ತು. ಕೆ.ಬಿ. ಬಡಾವಣೆಯ ಡಾಕ್ಟರು ನೋಡಿ ನಾಗಭೂಷಣ್‌ನನ್ನು ಹೊರಗೆ ಕರೆದರು.

"ತುಂಬಾ ಹೊತ್ತು ತಡ್ಕೊಂಡಿದ್ದಾರೆ. ನೀರು ಕುಡಿದಿಲ್ಲ, ಬಿಪಿ ಮಾತ್ರೆ ಬಿಟ್ಟಿದ್ದಾರೆ. ಈ ವಯಸ್ಸಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಯಾಕೆ ಹೀಗೆ ಮಾಡಿದ್ರು?"

ಉತ್ತರ ಗೊತ್ತಿದ್ದ ನಾಗಭೂಷಣ್ ಔಷಧದ ಚೀಟಿ ಇಸಿದುಕೊಂಡು ಅಂಗಡಿಗೆ ನಡೆದ.

ಜ್ವರ ಇಳಿಯಿತು. ಆದರೆ ಅಂದಿನಿಂದ ಶಾಂತಕುಮಾರಿ ಕಾರು ಹತ್ತುವುದನ್ನೇ ಬಿಟ್ಟರು. ಹರಿಹರೇಶ್ವರನ ಗುಡಿಗೂ ಒಲ್ಲೆ, ಓಣಿಯವರ ಮದುವೆಗೂ ಒಲ್ಲೆ. ಮಳೆಗಾಲ ಕಳೆದ ಮೇಲೆ ಗುರುಬಸಮ್ಮ ಮತ್ತೆ ಫೋನ್ ಮಾಡಿದರು. ಮೊಮ್ಮಗನ ಮದುವೆ ಗೊತ್ತಾಗಿತ್ತು.

"ನೀವು ಹೋಗ್ಬರ್ರಿ," ಎಂದರು ಶಾಂತಕುಮಾರಿ ಮಗನಿಗೆ. "ನಂಗೆ ಮಂಡಿ ನೋವು."

ಆಕೆಗೆ ಮಂಡಿ ನೋವಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಆ ಭಾನುವಾರ ನಾಗಭೂಷಣ್ ಒಬ್ಬನೇ ಹರಿಹರಕ್ಕೆ ಹೋದ. ನಸೀಮಾ ಮನೆಯ ಜಗಲಿಯಲ್ಲಿ ಚಹಾ ಲೋಟ ಹಿಡಿದು ಕೂತ. "ಅವತ್ತು ನಿಮ್ ಮಾತು ಕೇಳ್ಲಿಲ್ಲ," ಎಂದ. "ದಾರ್ಯಾಗೆ ಅವ್ವಗೆ..."

ನಸೀಮಾಗೆ ತಿಳಿಯಿತು. "ಹೇಳ್ಬ್ಯಾಡ್ರಿ ಅಣ್ಣಾ. ನಮ್ಮತ್ತೆಗೂ ಒಮ್ಮೆ ಹಂಗೇ ಆಗಿತ್ತು. ನಾನೇ ಗಾಡಿ ಓಡಿಸ್ತಿದ್ದೆ. ಹೆಂಗಸಾಗಿ ನಂಗೂ ಹೊಳೀಲಿಲ್ಲ."

"ಅವಾಗ ಏನು ಮಾಡಿದ್ರಿ?"

"ದಾರಿ ನೋಡೋ ರೀತಿ ಬದಲು ಮಾಡ್ದೆ. ಮೊಬೈಲ್ ಗಾಡಿಗೆ ದಾರಿ ತೋರಿಸ್ತೈತೆ. ಒಳಗೆ ಯಾರು ಕುಂತಾರೆ ಅಂತ ಅದಕ್ಕೆ ಗೊತ್ತಿಲ್ಲ. ಮೊದ್ಲು ಅದನ್ನ ನಾವು ನೋಡ್ಬೇಕು. ವಯಸ್ಸಾದೋರು ಅದಾರಾ, ಬಸುರಿ ಅದಾಳಾ, ಕೂಸು ಐತಾ. ಅವ್ರು ಎಷ್ಟು ಹೊತ್ತು ಕೂರ್ತಾರೆ, ಅಷ್ಟರೊಳಗೆ ಇಳಿಯೋಕೆ ಒಳ್ಳೆ ಜಾಗ ಬರ್ಬೇಕು. ಅಂಥ ದಾರೀನೇ ಹಿಡೀತೀನಿ."

"ರಸ್ತೆ ಕೆಟ್ಟೈತೋ ಚಲೋ ಐತೋ ಹೆಂಗೆ ಗೊತ್ತಾಗ್ತೈತೆ?"

"ಆ ಕಡೆ ನೆಂಟ್ರು ಇರ್ತಾರೆ, ಲಾರಿಯೋರು ಇರ್ತಾರೆ. ಫೋನ್ ಹಚ್ಚಿ ಕೇಳ್ರಿ. ಅದ್ರಾಗೇನು ಸಣ್ಣತನ? ಕತ್ತಲಾಗೋದ್ರೊಳಗೆ ಮುಟ್ಟಕ್ಕಾಗಲ್ಲ ಅಂದ್ರೆ ನಡುವೆ ಒಂದು ರಾತ್ರಿ ಉಳ್ಕೊಳ್ರಿ. ಆಸ್ಪತ್ರೆ ಇರೋ ಊರು ಯಾವ್ಯಾವು ಅಂತ ನೋಡಿಟ್ಕೊಳ್ರಿ. ಯಾವ ದಾರಿ ಹೋಗ್ತೀವಿ ಅಂತ ಮನೇಲಿ ಉಳಿದೋರಿಗೆ ಹೇಳಿ ಹೋಗ್ರಿ. ಮಾತ್ರೆ ವಿಷಯ ಮಾತ್ರ ಡಾಕ್ಟ್ರನ್ನೇ ಕೇಳ್ರಿ, ನಾವೇ ಬಿಡಿಸೋದು ಬ್ಯಾಡ."

ನಾಗಭೂಷಣ್ ತಲೆ ಎತ್ತಲಿಲ್ಲ. "ದಾರಿ ಏನೋ ಸರಿ ಮಾಡ್ತೀನಿ. ಅವ್ವಗೆ ಏನಂತ ಹೇಳ್ಲಿ?"

"ತಪ್ಪಾತು ಅನ್ರಿ. ಯಾವುದು ಅಂತ ಹೇಳ್ಬ್ಯಾಡ್ರಿ. ಅವ್ರಿಗೆ ತಿಳೀತೈತೆ."

ಸಂಜೆ ಅವನು ತಾಯಿಯ ಮಂಚದ ತುದಿಯಲ್ಲಿ ಕೂತ. "ಅವ್ವ, ಮದುವೆಗೆ ಹುಬ್ಬಳ್ಳಿ ಮ್ಯಾಲೆ ಹೋಗೋಣ. ವಿಜಯಪುರದಾಗೆ ಒಂದು ರಾತ್ರಿ ಉಳ್ಕೊಳ್ಳೋಣ. ಎಲ್ಲೆಲ್ಲಿ ನಿಲ್ಲಬೇಕೋ ನೀನೇ ಹೇಳು."

"ನಿಂಗೆ ತಡ ಆಗ್ತೈತೆ ಬಿಡಪ್ಪ," ಎಂದರು ತಾಯಿ.

ಆ ಮಾತು ಅವನಿಗೆ ಬೈಗುಳಕ್ಕಿಂತ ಜೋರಾಗಿ ತಟ್ಟಿತು. "ಆದ್ರೆ ಆಗ್ಲಿ," ಎಂದ. "ಹೋದ್ಸಲ ನಂದು ತಪ್ಪಾತವ್ವ."

ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ ಕೇಳಿದರು. "ನಿಲ್ಲಿಸು ಅಂದ್ರೆ ನಿಲ್ಲಿಸ್ತೀಯಾ?"

"ನೀ ಹೇಳೋಕಿಂತ ಮೊದ್ಲೇ ನಿಲ್ಲಿಸ್ತೀನಿ."

ಉಮಾ ಡಾಕ್ಟರ ಹತ್ತಿರ ಹೋಗಿ ಪ್ರಯಾಣದ ದಿನ ಮಾತ್ರೆ ಯಾವ ಹೊತ್ತಿಗೆ ಕೊಡಬೇಕೆಂದು ಕೇಳಿಕೊಂಡು ಬಂದಳು. ನಾಗಭೂಷಣ್ ಹುಬ್ಬಳ್ಳಿಯ ಬೀರು ವ್ಯಾಪಾರಿಗೆ ಫೋನ್ ಮಾಡಿ ರಸ್ತೆ ಹೇಗಿದೆ ಎಂದು ವಿಚಾರಿಸಿದ. ಇಷ್ಟು ವರ್ಷದಲ್ಲಿ ಅವನು ದಾರಿ ಕೇಳಿದ್ದು ಅದೇ ಮೊದಲು. ವಿಜಯಪುರದ ಲಾಡ್ಜಿಗೂ ಫೋನ್ ಮಾಡಿ, ಮೆಟ್ಟಿಲು ಹತ್ತದ ಕೋಣೆ ಬೇಕು, ಕುರ್ಚಿಯಂಥ ಕಮೋಡ್ ಬೇಕು ಎಂದು ಹೇಳಿಟ್ಟ.

ಹೊರಟ ದಿನ ರಾಣೆಬೆನ್ನೂರು ದಾಟಿ ಸ್ವಲ್ಪ ದೂರದಲ್ಲೇ ಚಹಾ ಕುಡಿಯೋಣವೆಂದು ನಿಲ್ಲಿಸಿದ. ಹುಬ್ಬಳ್ಳಿಯಾಚೆ ಒಂದು ಬಂಕಿನಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು. ಹಿಂದಿನ ನಾಗಭೂಷಣ್ ಆಗಿದ್ದರೆ ಮುಂದೆ ನೋಡೋಣ ಎನ್ನುತ್ತಿದ್ದ. ಈಗ ನೇರವಾಗಿ ಆಫೀಸಿನೊಳಗೆ ಹೋದ. "ನಮ್ ತಾಯಿ ಹೋಗ್ಬೇಕು, ಬೀಗ ತೆಗೀರಿ," ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳಿದ. ಕೀಲಿ ಕೊಟ್ಟರು. ಎರಡು ಮಾತಿನ ಕೆಲಸ ಅಷ್ಟೇ ಅದು. ಅಂದು ಆ ಎರಡು ಮಾತು ಆಡಲು ತನಗೆ ಯಾಕೆ ನಾಚಿಕೆಯಾಯಿತು ಎಂದು ನೆನೆದು, ಕೀಲಿ ಹಿಡಿದು ನಿಂತಲ್ಲೇ ಅವನ ಕಣ್ಣು ತುಂಬಿತು.

ಮುಂದೊಂದು ಕಡೆ ಸ್ನೇಹಾ ಮೊಬೈಲ್ ನೋಡಿ, "ಅಪ್ಪಾ, ಇಲ್ಲಿ ಎಡಕ್ಕೆ ಹೋದ್ರೆ ಬೇಗ ಅಂತೆ," ಎಂದಳು.

"ಇರ್ಲಿ ಬಿಡು," ಎಂದ ಅವನು.

ಮರುದಿನ ಮುಹೂರ್ತಕ್ಕೆ ಇನ್ನೂ ಬಹಳ ಹೊತ್ತಿರುವಾಗಲೇ ಸೊಲ್ಲಾಪುರ ಮುಟ್ಟಿದರು. ಅಕ್ಕ ತಂಗಿ ಮಂಟಪದ ಮೂಲೆಯಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡು ಮಾತಿಗೆ ಕೂತರು. ಅಷ್ಟು ದೂರ ಹೆಂಗೆ ಬಂದಿ ಅಕ್ಕ, ತ್ರಾಸ ಆತೇನು ಎಂದು ಗುರುಬಸಮ್ಮ ಕೇಳಿದ್ದು ನಾಗಭೂಷಣ್‌ಗೆ ಕೇಳಿಸಿತು.

"ಏನೂ ಇಲ್ಲ," ಎಂದರು ಶಾಂತಕುಮಾರಿ. "ನಮ್ ನಾಗ ಯಾವಾಗ್ಲೂ ಭಾಳ ಹುಷಾರಾಗಿ ಕರ್ಕೊಂಡು ಬರ್ತಾನೆ."

ಯಾವಾಗಲೂ ಎಂದಿದ್ದರು ತಾಯಿ. ಇದು ನಾಲ್ಕನೆಯ ಸುಳ್ಳು, ಮಗನ ಮಾನ ಕಾಯಲು ಹೇಳಿದ್ದು. ನಾಗಭೂಷಣ್ ತಲೆ ತಗ್ಗಿಸಿಕೊಂಡು ಅಲ್ಲೇ ನಿಂತ. ಈ ಸಲ ಹೊರಗೆ ಹೋಗಲಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಿರಿಯರಿದ್ದಾರೆ. ದೂರದ ಊರಿಗೆ ಹೊರಡುವ ಮುನ್ನ ಮೊಬೈಲ್ ನೋಡಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಹಿಂದಿನ ಸೀಟಿನಲ್ಲಿ ಕೂರುವವರನ್ನು ನೋಡಿ. ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಲಿ ಎಂದು ನೀವೇ ಬಾಯಿ ಬಿಟ್ಟು ಕೇಳಿ. ಅವರು ತಾವಾಗಿ ಹೇಳುವುದಿಲ್ಲ. ಮಗನಿಗೆ ತಡವಾದೀತೆಂದು ನೀರು ಬಿಡುತ್ತಾರೆ, ಮಾತ್ರೆ ಬಿಡುತ್ತಾರೆ, ಕೊನೆಗೆ ಬರುವುದನ್ನೇ ಬಿಡುತ್ತಾರೆ. ದಾರಿ ಗೊತ್ತಿದ್ದವರನ್ನು ಕೇಳಿ. ನಿಲ್ಲಲು ಜಾಗವಿರುವ ರಸ್ತೆ ಸ್ವಲ್ಪ ಸುತ್ತಾದರೂ ಅದನ್ನೇ ಹಿಡಿಯಿರಿ. ಬೀಗ ಹಾಕಿದ್ದರೆ ಕೀಲಿ ಕೇಳಿ. ಕಾರಿನಲ್ಲಿ ಇರುವವರೆಲ್ಲರೂ ಮಾನದಿಂದ ಇಳಿಯುವಂತೆ ಕರೆದುಕೊಂಡು ಹೋಗುವುದು ಸ್ಟೇರಿಂಗ್ ಹಿಡಿದವರ ಕೆಲಸ.