ಒಂದು ಮನೆ, ಒಂದು ಕಾರ್ಡು

ಕಾರ್ಡು ಅಂದರೆ ಕಮಲಾಪುರದ ಅಂಬಣ್ಣನಿಗೆ ಗೊತ್ತಿದ್ದದ್ದು ಒಂದೇ, ರೇಶನ್ ಕಾರ್ಡು. ಮನೆಗೊಂದು. ಸತ್ತು ಹತ್ತು ವರ್ಷವಾದ ಅವನ ಅಪ್ಪನ ಹೆಸರನ್ನು ಅಂಗಡಿಯವನು ಇವತ್ತಿಗೂ ಕೂಗುತ್ತಿದ್ದ, ಇವನು "ಹೂಂ" ಅಂದು ಸೀಮೆಎಣ್ಣೆ ತರುತ್ತಿದ್ದ. ಅದರಲ್ಲಿ ಸುಳ್ಳೇನು ಬಂತು?

ಹೀಗಾಗಿ ಹೆಂಡತಿ ಭೀಮಬಾಯಿಗೆ ಜ್ವರ ಎದೆಗಿಳಿದು ಉಸಿರು ಗೊರಗೊರ ಅನ್ನತೊಡಗಿದಾಗ, ಗೋಡೆಯ ಮೊಳೆಗೆ ಸಿಗಿಸಿದ್ದ ಆಸ್ಪತ್ರೆಯ ಕಾರ್ಡನ್ನು ಕಿಸೆಗೆ ಹಾಕಿಕೊಂಡು, ಅವಳನ್ನು ಎತ್ತಿಕೊಂಡು ಟಂಟಂ ಆಟೋ ಹತ್ತಿದ. ಅದು ಅವನ ತಂಗಿ ಸಾಬಮ್ಮನ ಕಾರ್ಡು. ಹೋದ ವರ್ಷ ಅವಳ ಕಾಲಿಗೆ ಹುಣ್ಣಾದಾಗ ಮಾಡಿಸಿದ್ದು. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮನೆಯಲ್ಲಿ ಕಾರ್ಡಿರುವಾಗ ಮತ್ತೊಂದು ಯಾಕೆ?

ಕಲಬುರಗಿಯ ಆ ಆಸ್ಪತ್ರೆಗೆ ಕಂಪ್ಯೂಟರ್ ಬಂದು ವರ್ಷ ಒಂದೂವರೆ ಆಗಿತ್ತು, ಎರಡು ಸಾವಿರದ ಇಸವಿಯ ಮಾತು. ನಂಬರು ಹೊಡೆದರೆ ಹಳೆಯ ಜಡ್ಡು, ಹಳೆಯ ಔಷಧಿ ಎಲ್ಲ ತೆರೆಯ ಮೇಲೆ. ಯಾವ ಔಷಧಿ ಕೊಡಬಹುದು, ಯಾವುದು ಕೂಡದು ಅಂತ ಡಾಕ್ಟರಿಗೆ ಸೂಚಿಸುವುದೂ ಅದೇ.

ಕಿಟಕಿಯ ಗುಮಾಸ್ತ ಗೋಪಾಲ ನಂಬರು ನೋಡಿಕೊಂಡ, ಮುಖ ನೋಡಲಿಲ್ಲ.

"ಒಂದೇ ಮಂಚ ಉಳದದ. ಲಗೂ ಒಳಗ ಒಯ್ಯಿ ಈಕಿನ್ನ. ಇಲ್ಲಂದ್ರ ಹಿಂದಿನವರು ಎಳಕೊಂಡು ಹೋಗ್ತಾರ."

ಹಿಂದೆ ಹದಿನೈದು ಜನ ನಿಂತಿದ್ದರು. ಅವರಲ್ಲೊಬ್ಬ ಮುದುಕ ಆಗಲೇ ಆ ಮಂಚದ ಕಡೆ ಕತ್ತು ಚಾಚಿದ್ದ.

ಒಳಗೆ ನರ್ಸ್ ಮೆಹರುನ್ನಿಸಾ ಕೂಗಿದಳು. "ಸಾಬಮ್ಮ!"

"ಹೂಂ ರೀ," ಅಂದ ಅಂಬಣ್ಣ, ಸೀಮೆಎಣ್ಣೆಗೆ ಅಂದ ಹಾಗೆಯೇ. ಭೀಮಬಾಯಿಗೆ ಮಾತಾಡುವ ತ್ರಾಣವೇ ಇರಲಿಲ್ಲ.

ಡಾಕ್ಟರ್ ಶ್ರೀನಿವಾಸ ಬೆನ್ನಿಗೆ ಕೊಳವೆಯಿಟ್ಟು ಕೇಳಿ, ಮೇಜಿಗೆ ಹೋಗಿ ಕಂಪ್ಯೂಟರಿನಲ್ಲಿ ನಂಬರು ಟಕಟಕ ಬಡಿದ.

"ನ್ಯುಮೋನಿಯಾ. ಪೆನಿಸಿಲಿನ್ ನಡೀತದ ಅಂತ ತೋರಸ್ತದ. ಶುರು ಮಾಡ್ರಿ ಸಿಸ್ಟರ್."

"ಮೊದಲ ತೊಗಲಿಗೆ ಚೂರು ಚುಚ್ಚಿ ಟೆಸ್ಟ್ ಮಾಡ್ಲೇನ್ರಿ ಸಾಬ್?"

"ಯಾಕ್ರೀ? ಹೋದ ವರ್ಷ ಕಾಲಿನ ಹುಣ್ಣಿಗೆ ಇದೇ ಔಷಧದ ಹತ್ತು ಸೂಜಿ ತೊಗೊಂಡಾಳ, ಏನೂ ಆಗಿಲ್ಲ. ನೀವು ಮರೀತೀರಿ, ನಾ ಮರೀತೀನಿ. ಇದು ಮರೆಯಂಗಿಲ್ಲ."

ಕಾಲಿನ ಹುಣ್ಣು ಅಂದದ್ದೇ ಅಂಬಣ್ಣ ಥಟ್ಟನೆ ತಲೆಯೆತ್ತಿದ. ಹುಣ್ಣು ತಂಗಿಯದು, ಸೂಜಿ ತಂಗಿಯವು. ಭೀಮಬಾಯಿಗೆ ಮೂರು ವರ್ಷದ ಹಿಂದೆ ಕಮಲಾಪುರದ ಕಂಪೌಂಡರ್ ಮಹಾದೇವಪ್ಪ ಅದೇ ಸೂಜಿ ಒಂದೇ ಒಂದು ಮಾಡಿದ್ದ. ಬೆಂಚಿನಿಂದ ಇಳಿಯುವುದರೊಳಗೆ ಅವಳ ತುಟಿ ಬದನೆಕಾಯಿಯಂತೆ ಊದಿ, ಕಣ್ಣು ಮೇಲಾಗಿತ್ತು. ಬದುಕಿದ್ದೇ ಪುಣ್ಯ. "ಈಕಿಗಿ ಮತ್ತ ಪೆನಿಸಿಲಿನ್ ಹತ್ತಿತಂದ್ರ ಹೆಣಾನೇ ಹೊರಬೇಕು ನೋಡೋ," ಅಂದಿದ್ದ ಮಹಾದೇವಪ್ಪ.

ಮೆಹರುನ್ನಿಸಾ ಔಷಧಿ ಪುಡಿಯ ಶೀಶೆಗೆ ನೀರು ಬಿಟ್ಟು ಕುಲುಕಿದಳು.

"ಸಾಹೇಬ್ರ..."

"ಏನೋ?"

ಅಂಬಣ್ಣ ಬಾಗಿಲ ಕಡೆ ನೋಡಿದ. ಆ ಮುದುಕ ಇನ್ನೂ ಅಲ್ಲೇ ಇದ್ದ. ಕಾರ್ಡು ಬೇರೆಯವಳದು ಅಂದರೆ ಮಂಚ ಹೋಯಿತು, ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಅಷ್ಟರಲ್ಲಿ ಈ ಉಸಿರು ಇರುತ್ತದೋ ಇಲ್ಲವೋ. ಪೊಲೀಸರನ್ನು ಕರೆದರೆ?

"ಏನಿಲ್ರಿ. ನೀರು ಕುಡಸ್ಲೇನ್ರಿ?"

ಹೇಡಿ ಅನ್ನಿ, ತಪ್ಪಿಲ್ಲ. ಹೆದರಿದ ಬಾಯಿಂದ ಬರುವುದೇ ಅಂಥ ಮಾತು.

ಸೂಜಿಯ ತುದಿಯಿಂದ ಒಂದು ಹನಿ ಚಿಮ್ಮಿತು. ಭೀಮಬಾಯಿ ಕಣ್ಣು ತೆರೆದಳು. ಸೂಜಿ ನೋಡಿದಳು, ಗಂಡನನ್ನು ನೋಡಿದಳು. ನೀನಿದ್ದೀಯಲ್ಲ, ಹೇಳಿರುತ್ತೀ ಅನ್ನುವ ಹಾಗೆ ಸುಮ್ಮನೆ ತೋಳು ಚಾಚಿದಳು.

ಅದನ್ನು ತಾಳಲಾಗಲಿಲ್ಲ ಅವನಿಗೆ. ಚಾಚಿದ ತೋಳಿನ ಮೇಲೆ ಧಡಕ್ಕನೆ ತನ್ನ ಅಂಗೈ ಇಟ್ಟುಬಿಟ್ಟ. ಸೂಜಿ ಅವನ ಕೈಗೇ ನಾಟಿತು.

"ಸಾಬಮ್ಮ ಅಲ್ರೀ ಈಕಿ! ಸಾಬಮ್ಮ ನನ್ನ ತಂಗಿ! ಈಕಿ ಭೀಮಬಾಯಿ, ನನ್ನ ಹೆಣತಿ. ಈ ಸೂಜಿ ಈಕಿಗಿ ಆಗಂಗಿಲ್ರೀ, ಸಾಯ್ತಾಳ್ರೀ ಎಪ್ಪಾ!"

"ಯಾ ಅಲ್ಲಾ!" ಮೆಹರುನ್ನಿಸಾ ಸೂಜಿ ಕಿತ್ತು ಹಿಂದೆ ಸರಿದಳು.

"ಮತ್ತ ಕಾರ್ಡು?" ಡಾಕ್ಟರನ ದನಿ ಏರಿತು.

"ಮನ್ಯಾಗಿಂದೇ ಅದ ರೀ. ಒಂದು ಮನಿಗಿ ಒಂದು ಕಾರ್ಡಲ್ಲೇನ್ರೀ? ರೇಶನ್ನಿಂದು ಇದ್ದಂಗ?"

ಡಾಕ್ಟರ್ ಬೈಯುತ್ತಾನೆ, ಹೊರಗೆ ಹಾಕಿಸುತ್ತಾನೆ ಅಂತ ಅಂಬಣ್ಣ ಕಣ್ಣು ಮುಚ್ಚಿದ. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಡಾಕ್ಟರನ ಹಣೆಯ ಮೇಲೆ ಬೆವರು.

"ಬ್ಯಾರೆ ಔಷಧ ಬರಕೊಡ್ತೀನಿ, ಸಿಸ್ಟರ್. ಈಕಿನ್ನ ಮಂಚದಿಂದ ಅಲ್ಲಾಡಸಬ್ಯಾಡ್ರಿ," ಅಂದು, ಬರೆದುಕೊಟ್ಟು, ಒಂದು ಗಳಿಗೆ ಕಂಪ್ಯೂಟರನ್ನೇ ನೋಡುತ್ತ ನಿಂತ. ಆಮೇಲೆ ದಡದಡ ಬಾಗಿಲಿಗೆ ನಡೆದ.

"ಕೇಳ್ರಿ ಎಲ್ಲಾರೂ! ಜಡ್ಡಿದ್ದವರ ಸ್ವಂತ ಕಾರ್ಡು ತಂದವರು ಕೈ ಎತ್ರಿ."

ಹದಿನೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರೇ ಕೈ ಎದ್ದವು. ಮುದುಕ ತನ್ನ ಕಾರ್ಡನ್ನು ಮೆಲ್ಲಗೆ ಧೋತರದ ಮಡಿಕೆಯೊಳಗೆ ತುರುಕಿದ.

"ಮುಂಜಾನಿಂದ ಎಷ್ಟು ಮಂದಿ ನೋಡೀವ್ರಿ ಸಿಸ್ಟರ್?"

"ನಲವತ್ತು, ಸಾಬ್."

ಆ ನಲವತ್ತರಲ್ಲಿ ಯಾರ ಕಾರ್ಡಿಗೆ ಯಾರು ಔಷಧಿ ತೆಗೆದುಕೊಂಡು ಹೋದರೋ, ಡಾಕ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಂಬಣ್ಣ ಹೆಂಡತಿಯ ತೋಳು ಬಿಟ್ಟಿರಲಿಲ್ಲ. ಉಸಿರು ಗೊರಗೊರ ಅನ್ನುತ್ತಲೇ ಇತ್ತು, ಅವನು ಅದನ್ನೇ ಕಿವಿಗೊಟ್ಟು ಕೇಳುತ್ತ ಕೂತ.