ದಕ್ಷಿಣಕ್ಕೆ ನಾಲ್ಕು, ಪಶ್ಚಿಮಕ್ಕೆ ಮೂರು

ತಟ್ಟೆಯ ಕೆಲಸಕ್ಕೆ ನನ್ನನ್ನು ಕರೆದಾಗ ನಾನು ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕುರಿ ಫಾರಂಗಳ ಗಡಿ ಅಳೆಯುತ್ತಿದ್ದೆ. ಅಷ್ಟೂ ವರ್ಷ ಅಳತೆಕೋಲು ಹಿಡಿದು ನನ್ನೆದುರು ನಿಂತವರು ಊಮ್ ಫ್ಲೊರಿಸ್. ಹಿರಿಯರನ್ನು ನಾವು ಊಮ್ ಎಂದೇ ಕರೆಯುವುದು.

ತಟ್ಟೆಯೆಂದರೆ ಗುಡ್ಡದ ಬುಡದ ರೇಡಿಯೊ ದೂರದರ್ಶಕ. ತೀರ ದೂರದಲ್ಲಿದ್ದು ಕದಲಿದಂತೆಯೇ ಕಾಣದ ಆಕಾಶಕಾಯಗಳನ್ನು ಅದು ಆಲಿಸುತ್ತದೆ. ಅವು ಆಕಾಶದ ಗಡಿಕಲ್ಲುಗಳು. ಬಾಹ್ಯಾಕಾಶ ನೌಕೆಗಳು ಎಲ್ಲಿವೆಯೆಂದು ಹೇಳುವುದು ಆ ಕಲ್ಲುಗಳಿಂದ. ಆದರೆ ಅವುಗಳ ಚೌಕಟ್ಟನ್ನು ನೆಲಕ್ಕೂ ಕಟ್ಟಬೇಕು. ತಟ್ಟೆ ತಿರುಗುವ ಬಿಂದುವಿನಿಂದ ಪಕ್ಕದಲ್ಲಿ ಹೊಸದಾಗಿ ಎರೆದ ಕಾಂಕ್ರೀಟ್ ಕಂಬದ ಹಿತ್ತಾಳೆ ಮೊಳೆಯವರೆಗೆ ಅಳೆದುಕೊಡುವುದು ನಮ್ಮ ಪಾಲಿನ ಕೆಲಸ. ಕಂಬದ ನಡುವೆ ಕೂತ ಆಂಟೆನಾದ ಮೂಲಕ ಅದೇ ಮೊಳೆಯ ಜಾಗವನ್ನು ಉಪಗ್ರಹಗಳೂ ಹೇಳುತ್ತವೆ. ಎರಡೂ ಹೊಂದಬೇಕು.

ಈ ಸಲ ಹೊಂದಲಿಲ್ಲ. ತಟ್ಟೆಯ ಹೊಣೆ ಹೊತ್ತಿದ್ದ ನೊಂಟೊಬೆಕೊ ಕಾಗದ ತಂದು ತೋರಿಸಿದಳು. ಹೊರದೇಶದಲ್ಲಿ ಲೆಕ್ಕ ಕೂಡಿಸುವವರು ಬರೆದಿದ್ದರು: ನಿಮ್ಮ ಅಳತೆ ಒಂದು ದಿಕ್ಕಿಗೆ ಎಂಟು ಮಿಲಿಮೀಟರ್, ಇನ್ನೊಂದಕ್ಕೆ ಆರು ತಪ್ಪಿದೆ, ಕಂಬ ವಾಲಿರಬೇಕು, ಶುಕ್ರವಾರದೊಳಗೆ ಕಾರಣ ತಿಳಿಸದಿದ್ದರೆ ಈ ಸುತ್ತಿನ ಚೌಕಟ್ಟಿನಿಂದ ನಿಮ್ಮ ತಟ್ಟೆಯನ್ನು ಬಿಡುತ್ತೇವೆ. ಭೂಮಿಯ ಈ ಕೆಳಭಾಗದಲ್ಲಿ ಅಂಥ ತಟ್ಟೆಗಳೇ ಕಡಿಮೆ. ಒಮ್ಮೆ ಬಿಟ್ಟರೆ ಮತ್ತೆ ಸೇರಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ ಎಂದಳು. ನನ್ನನ್ನು ದೂರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಮೂರು ದಿನ ಮತ್ತೆ ಅಳೆದೆವು. ಗಾಳಿ ಏಳುವ ಮುಂಚೆ ಬೆಳಿಗ್ಗೆ, ಬಿಸಿಲು ಇಳಿದ ಮೇಲೆ ಸಂಜೆ. ಎಪ್ಪತ್ತರ ಹತ್ತಿರದ ಊಮ್ ಫ್ಲೊರಿಸ್ ಕೋಲು ಅಲುಗದಂತೆ ಎದೆಗೆ ಆನಿಸಿಕೊಂಡು ನಿಲ್ಲುತ್ತಿದ್ದರು. ಅಂಕಿ ಹಳೆಯದೇ ಬಂತು. ಕಂಬ ಕೂದಲೆಳೆಯಷ್ಟೂ ವಾಲಿರಲಿಲ್ಲ.

ಗುರುವಾರ ಕಂಬದ ನೆರಳಲ್ಲಿ ಕೂತು, ಕೆಂಡದ ಮೇಲೆ ಸುಟ್ಟ ರೊಟ್ಟಿ ತಿನ್ನುತ್ತ ನಾನು ಕಾಗದವನ್ನು ಗಟ್ಟಿಯಾಗಿ ಓದಿದೆ. ಊಮ್ ಫ್ಲೊರಿಸ್ ಅಗಿಯುವುದನ್ನು ನಿಲ್ಲಿಸಿದರು.

"ಎಷ್ಟಂದೆ? ಎಂಟು, ಆರು?"

"ಹೂಂ."

"ಅದರಲ್ಲಿ ಅರ್ಧ ನಾನು ಕೂಗಿದ್ದಲ್ವೇನೆ ಮಗಳೆ? ಕಂಬ ಎರೆದ ದಿನ. ಮೊಳೆ ನಡುಮಧ್ಯಕ್ಕೆ ಕೂರಲಿಲ್ಲ. ನಾಲ್ಕು, ಮೂರು ಅಂದೆ. ನೀನು ಬರ್ಕೊಂಡೆ."

ಕ್ಷೇತ್ರಪುಸ್ತಕ ತೆಗೆದು ನೋಡಿದೆ. ನಾಲ್ಕು, ಮೂರು. ಮುಂದೆ ದಿಕ್ಕಿನ ಹೆಸರಿರಲಿಲ್ಲ. ನಮ್ಮ ದೇಶದ ಮೋಜಣಿಯಲ್ಲಿ ದಕ್ಷಿಣಕ್ಕೂ ಪಶ್ಚಿಮಕ್ಕೂ ಹೋದಂತೆ ಅಂಕಿ ಏರುತ್ತದೆ. ಹೊರಗಿನವರಿಗೆ ಉತ್ತರಕ್ಕೂ ಪೂರ್ವಕ್ಕೂ. ದೊಡ್ಡ ಅಂಕಿಗಳನ್ನೆಲ್ಲ ಅವರ ರೀತಿಗೆ ತಿರುಗಿಸಿದ್ದ ನಾನು ಈ ಸಣ್ಣದನ್ನು ಮಾತ್ರ ಮನೆಯ ರೀತಿಯಲ್ಲೇ ಕಳಿಸಿದ್ದೆ. ದಕ್ಷಿಣದ ನಾಲ್ಕನ್ನು ಅವರು ಉತ್ತರಕ್ಕೆ ಇಟ್ಟುಕೊಂಡರು, ಎಂಟಾಯಿತು. ಪಶ್ಚಿಮದ ಮೂರು ಪೂರ್ವಕ್ಕೆ ಹೋಗಿ ಆರಾಯಿತು.

"ತಪ್ಪು ನಂದೇ, ಊಮ್."

"ಇರಲಿ ಬಿಡು. ಕಂಬದ ಮೇಲೆ ಹಾಕ್ತಿದ್ರಲ್ಲ, ಪಾಪ, ಅದಕ್ಕೆ ಬಾಯಿಲ್ಲ."

ಆ ಮಧ್ಯಾಹ್ನವೇ ನೊಂಟೊಬೆಕೊಳ ಕೋಣೆಯಲ್ಲಿ ಕೂತು, ತಪ್ಪು ನನ್ನದೆಂದು ಒಪ್ಪಿ ಬರೆದೆ. ಶುಕ್ರವಾರ ಉತ್ತರ ಬಂತು. ಅಳತೆಗಳು ಹೊಂದಿವೆ, ತಟ್ಟೆ ಚೌಕಟ್ಟಿನಲ್ಲಿ ಉಳಿದಿದೆ. ಜೊತೆಗೆ, ಅಳೆದವರ ಹೆಸರು ತುಂಬಿ ಕಳಿಸಲು ಒಂದು ನಮೂನೆ. ಮೊದಲು ಅಳತೆ ಕಳಿಸಿದಾಗ ಅದರಲ್ಲಿ ನನ್ನ ಹೆಸರೊಂದೇ ಇತ್ತು. ಇಪ್ಪತ್ತಾರು ವರ್ಷ ನಾನು ಕಣ್ಣಿಟ್ಟು ನೋಡಿದ ಪ್ರತಿಯೊಂದು ಬಿಂದುವಿನ ಮೇಲೂ ಊಮ್ ಫ್ಲೊರಿಸ್ ನಿಂತಿದ್ದರು. ಅವರು ಅಲುಗದೆ ನಿಂತದ್ದಕ್ಕೇ ನನ್ನ ಅಂಕಿಗಳು ಸರಿ ಬಂದದ್ದು. ಮೊದಲ ಸಾಲಿನಲ್ಲಿ ಫ್ಲೊರಿಸ್ ಬೇಸ್ಟ್ ಎಂದು ಬರೆದೆ. ಕೆಳಗೆ ನನ್ನ ಹೆಸರು, ಡೋರ್ಕಾಸ್ ಮೇಯಿಂಗ್.

ಅವರಿಗೆ ತೋರಿಸಿದೆ. ಕನ್ನಡಕ ತಂದಿರಲಿಲ್ಲ, ಕಾಗದವನ್ನು ಕೈ ಚಾಚಿ ದೂರ ಹಿಡಿದು ಬಹಳ ಹೊತ್ತು ನೋಡಿದರು.

"ಮೇಲಿರೋದು ನಂದಾ?"

"ನಿಮ್ದೇ."

"ಅವರ ಲೆಕ್ಕದಲ್ಲಿ ಮೇಲೆಯೋ, ನಮ್ಮ ಲೆಕ್ಕದಲ್ಲಿ ಮೇಲೆಯೋ?"

"ಎರಡರಲ್ಲೂ, ಊಮ್," ಎಂದೆ.